ಅಕ್ಕನ ಅಂಗೈ ಮೇಲಿನ ಝೋಪ್ಯಾ

ನಾನು ಚಿಕ್ಕವನಿದ್ದಾಗ ಝೋಪ್ಯಾನ ಪುಸ್ತಕ ಕೈಯಲ್ಲಿದ್ದರೂ ನಗಬೇಕೆಂದರೆ ಅಕ್ಕ ಬೇಕಿತ್ತು. ಝೋಪ್ಯಾ ಅಂದರೆ ನಿದ್ದೆಬುರುಕ, ಒಂದು ಚಿತ್ರಕಥೆಯ ಕಾವಲುಗಾರ. ಸಾವಿರ ವರ್ಷದ ಹಿಂದಿನ ಯಾವುದೋ ರಾಜಧಾನಿ, ಅದರ ದೊಡ್ಡ ಬಾಗಿಲು, ಬಾಗಿಲಲ್ಲಿ ಈಟಿಗೆ ಒರಗಿ ಗೊರಕೆ ಹೊಡೆಯುವ ಈ ಡೊಳ್ಳುಹೊಟ್ಟೆಯವನು. ವೈರಿಗಳು ದಂಡೆತ್ತಿ ಬಂದಾಗಲೆಲ್ಲ ನಿದ್ದೆಗಣ್ಣಿನಲ್ಲೇ ಏನೋ ಎಡವಟ್ಟು ಮಾಡಿ ಊರನ್ನು ಉಳಿಸಿಬಿಡುತ್ತಿದ್ದ. ಆ ರಾಜಧಾನಿ ಬಸವಕಲ್ಯಾಣದ ಕೋಟೆಯೇ ಎಂದು ನಮ್ಮೂರು ಕೊಹಿನೂರಿನ ಹುಡುಗರಿಗೆಲ್ಲ ಖಾತ್ರಿಯಿತ್ತು.

ತಿಂಗಳಿಗೊಂದು ಹೊಸ ಪುಸ್ತಕ ಗಡಿಯಾಚೆಯಿಂದ ಬಂದು ಬಸವಕಲ್ಯಾಣದ ಬಸ್ ನಿಲ್ದಾಣದ ಅಂಗಡಿಯಲ್ಲಿ ದಾರಕ್ಕೆ ನೇತಾಡುತ್ತಿತ್ತು. ಆದರೆ ಅದು ಮರಾಠಿಯಲ್ಲಿತ್ತು. ಸೋದರತ್ತೆಯ ಮನೆಯಲ್ಲಿದ್ದು ಆ ಕಡೆಯ ಶಾಲೆ ಕಲಿತಿದ್ದ ಅಕ್ಕನಿಗೆ ಮಾತ್ರ ಓದಲು ಬರುತ್ತಿತ್ತು. ಅವಳು ಓದಿ, ನಮ್ಮ ಮಾತಿಗೆ ತಿರುಗಿಸಿ, ರಾಜನಿಗೊಂದು ದನಿ, ಆನೆಗೊಂದು ದನಿ, ಝೋಪ್ಯಾನ ಗೊರಕೆಗೇ ಇನ್ನೊಂದು ದನಿ ಮಾಡಿ ಹೇಳುತ್ತಿದ್ದಳು. ನಾನು ಹೊಟ್ಟೆ ಹಿಡಿದುಕೊಂಡು ಅಂಗಳದಲ್ಲಿ ಉರುಳಾಡುತ್ತಿದ್ದೆ.

ಒಂದು ಸುಗ್ಗಿಯಲ್ಲಿ ಜೋಳದ ಒಣಗರಿ ಅಕ್ಕನ ಎಡಗಣ್ಣಿಗೆ ಚುಚ್ಚಿತು. ಕಣ್ಣಿಗೆ ಏನಾದರೂ ಆದರೆ ಆಗ ಓಣಿಯವರೆಲ್ಲ ವೈದ್ಯರೇ. ಒಬ್ಬರು ಎದೆಹಾಲು ಬಿಟ್ಟರು, ಒಬ್ಬರು ಜೇನು ಹಚ್ಚಿದರು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಯಾವುದೋ ಸೊಪ್ಪು ಅರೆದು ರಸ ಹಿಂಡಿದಳು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಎಲ್ಲರೂ ಸೇರಿ ಪ್ರೀತಿಯಿಂದಲೇ ಆ ಕಣ್ಣನ್ನು ಕೀವುಗಟ್ಟಿಸಿದರು. ಅಕ್ಕ ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ನೋವಾದ ಮೇಲೆ, ಹುಮನಾಬಾದಿನ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರ ನಡೆದಿದೆ ಎಂದು ಯಾರೋ ಹೇಳಿದರು. ಅಪ್ಪ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಬಸ್ಸು ಹತ್ತಿದ.

ಕೆಲವು ದಿನಗಳ ಬಳಿಕ ಆಯಿ ರೊಟ್ಟಿ ಕಟ್ಟಿಕೊಂಡು ಹೊರಟಾಗ ನಾನೂ ಬೆನ್ನು ಹತ್ತಿದೆ. ಬಸವಕಲ್ಯಾಣದಲ್ಲಿ ಬಸ್ಸು ಬದಲಿಸುವಾಗ ಮಿರ್ಚಿ ಭಜಿಯ ವಾಸನೆ ಮೂಗಿಗೆ ಅಡರಿತು, ಆದರೂ ನಾನು ಭಜಿ ಕೇಳಲಿಲ್ಲ. ಆಯಿಯನ್ನು ಕಾಡಿಬೇಡಿ ಹೊಸ ಪುಸ್ತಕ ಕೊಡಿಸಿಕೊಂಡೆ. ಹುಮನಾಬಾದು ಮುಟ್ಟುವವರೆಗೂ ಅದನ್ನು ಅಂಗಿಯೊಳಗೆ ಹೊಟ್ಟೆಗೆ ಅವಚಿಕೊಂಡೇ ಕುಳಿತಿದ್ದೆ.

ಶಾಲೆಯ ಕೋಣೆಯಲ್ಲಿ ಬೆಂಚುಗಳನ್ನು ಹೊರಗಿಟ್ಟು ನೆಲಕ್ಕೆ ಹುಲ್ಲು ಹಾಸಿದ್ದರು. ಅದರ ಮೇಲೆ ಸಾಲಾಗಿ ಮಲಗಿದವರಲ್ಲಿ ಮುದುಕರೇ ಹೆಚ್ಚು. ಫಿನಾಯಿಲಿನ ನಾತಕ್ಕೆ ನಾನು ಮೂಗು ಮುಚ್ಚಿಕೊಂಡೆ. ಮೂಲೆಯಲ್ಲಿ ಅಕ್ಕ ಅಂಗಾತ ಮಲಗಿದ್ದಳು. ತಲೆ ಅಲುಗಬಾರದೆಂದು ಎರಡು ಕಡೆ ಮರಳಿನ ಚೀಲ ಇಟ್ಟಿದ್ದರು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು.

ಆಯಿ ಅದನ್ನು ನೋಡಿದ್ದೇ ತಡ, ಎದೆ ಬಡಿದುಕೊಂಡಳು. “ಎರಡೂ ಕಣ್ಣ ಹೋದ್ವಲ್ಲೋ ಯಪ್ಪಾ! ನನ್ನ ಕೂಸಿಗಿ ಇನ್ಯಾರು ದಿಕ್ಕೋ!”

ನೋಡಲು ಬಂದವರು ಅಳಬೇಕು, ಅಳದಿದ್ದರೆ ಪ್ರೀತಿಯಿಲ್ಲ ಎಂಬುದು ನಮ್ಮ ಕಡೆಯ ರೂಢಿ. ನಮಗಿಂತ ಮೊದಲು ಬಂದುಹೋದ ಊರವರೂ ಹೀಗೇ ಅತ್ತಿದ್ದರಂತೆ. ನರ್ಸಮ್ಮ ಓಡಿ ಬಂದು ಆಯಿಯನ್ನು ಹೊರಗೆ ಕಳಿಸಿದಳು. “ಆಪರೇಶನ್ ಆಗ್ಯದ, ಪೇಷಂಟ್ ಅತ್ತರ ಹೊಲಿಗಿ ಬಿಚ್ಚತದ. ಅಳಬಾರದು, ನಗಬಾರದು, ತೆಲಿ ಅಲಗಸಬಾರದು,” ಎಂದು ನನಗೂ ಗದರಿಸಿದಳು. ಅಪ್ಪ ವರಾಂಡದ ಕಂಬಕ್ಕೆ ಒರಗಿ ಕುಳಿತಿದ್ದ. ಡಾಕ್ಟರು ದೂರದ ಊರಿನವರು, ಸರಸರ ಬಂದು ಸರಸರ ಹೋಗುವವರು. ಅವರನ್ನು ತಡೆದು ಕೇಳುವ ಧೈರ್ಯ ಅವನಿಗಿರಲಿಲ್ಲ.

ನಾನು ಅಕ್ಕನ ಕಿವಿಯ ಹತ್ತಿರ ಕುಳಿತೆ. ಅವಳು ಆ ದಿನ ಒಂದು ತುತ್ತೂ ತಿಂದಿರಲಿಲ್ಲ.

“ನಂದು ಎರಡೂ ಹೋಗ್ಯಾವ,” ಎಂದಳು, ತುಟಿ ಮಾತ್ರ ಅಲುಗಿಸಿ. “ಯಾರೂ ಖರೇ ಹೇಳವಲ್ರು.”

“ಒಂದಕ್ಕಽ ಅಲ್ಲೇನಕ್ಕ ಚುಚ್ಚಿದ್ದು?”

“ಮತ್ತ ಛಲೋ ಕಣ್ಣಿಗಿ ಯಾಕ ಪಟ್ಟಿ ಕಟ್ಟತಾರ? ನೀನಽ ಹೇಳು.”

ಅವಳೆದುರು ಅಳುವಂತಿಲ್ಲ. ಅಂಗಿಯೊಳಗಿಂದ ಪುಸ್ತಕ ತೆಗೆದೆ. ಹೊಸ ಶಾಯಿಯ ವಾಸನೆ ಅವಳಿಗೂ ಬಂತು.

“ಝೋಪ್ಯಾ ಬಂದನೇನೋ?” ಎಂದಳು. “ಚಿತ್ರದಾಗ ಏನದ ಹೇಳು.”

ನಾನು ಹೇಳತೊಡಗಿದೆ. ಝೋಪ್ಯಾ ಬಾಗಿಲಲ್ಲಿ ಬಿದ್ದುಕೊಂಡಿದ್ದಾನೆ, ಲೋಹದ ಟೊಪ್ಪಿಗೆ ಮೂಗಿನವರೆಗೆ ಇಳಿದಿದೆ, ಪಕ್ಕದಲ್ಲಿ ಬುತ್ತಿ ಇದೆ, ರಾಜನ ಆನೆ ಸೊಂಡಿಲು ಚಾಚಿ ಆ ಬುತ್ತಿ ಎತ್ತಿಕೊಂಡಿದೆ.

“ಆನಿ ಮಾರಿ ಹ್ಯಾಂಗದ?”

“ನಗಾಕತ್ತದ.”

“ರಾಜ ಏನಂತಾನ?”

ರಾಜನ ಬಾಯಿಯ ಮುಂದೆ ಎರಡೇ ಅಕ್ಷರಗಳಿದ್ದವು. ಅವು ನೆತ್ತಿಯ ಮೇಲಿನ ಗೆರೆಗೆ ಜೋತುಬಿದ್ದಿದ್ದವು. ನನಗೆ ಓದಲು ಬರಲಿಲ್ಲ. ಆಗ ಅಕ್ಕ ಹುಲ್ಲಿನ ಮೇಲಿಂದ ಕೈ ಸರಿಸಿ ಅಂಗೈ ತೆರೆದಳು. “ಕೈ ಮ್ಯಾಲ ಬರಿ,” ಎಂದಳು.

ಪುಸ್ತಕ ನೋಡುತ್ತ, ಬೆರಳಿನಿಂದ ಅವಳ ಅಂಗೈ ಮೇಲೆ ಆ ಆಕಾರಗಳನ್ನು ತೀಡಿದೆ. ಜ್ವರದ ಕೈ, ಸುಡುತ್ತಿತ್ತು. ಮೊದಲ ಸಲ ತಿಳಿಯಲಿಲ್ಲ. ಮತ್ತೆ ತೀಡಿದೆ.

“ಊಠ್,” ಎಂದಳು ಅಕ್ಕ. “ಏಳು ಅಂತ ಒದರಾಕತ್ತಾನ.” ಹಾಗೆಂದು ರಾಜನ ದನಿ ತೆಗೆದು ಮೆಲ್ಲಗೆ “ಊಠ್!” ಎಂದೇಬಿಟ್ಟಳು. ನನಗೆ ನಗು ಬಂತು. ಅವಳ ತುಟಿಯೂ ಸ್ವಲ್ಪ ಅರಳಿತು. ನರ್ಸಮ್ಮ ನೋಡಿದಳೋ ಏನೋ ಎಂದು ನಾನು ಹೆದರಿದೆ.

ಸಂಜೆಯವರೆಗೂ ನಾನು ಬರೆದೆ, ಅವಳು ಓದಿದಳು. ಕೆಲವು ಅಕ್ಷರ ಗೊಂದಲವಾಗಿ ಕಥೆ ಎಲ್ಲೆಲ್ಲೋ ಹೋಯಿತು. ಬೆಳಕು ಇಳಿಯುತ್ತಿದ್ದಂತೆ ಅಕ್ಕ ನನ್ನ ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

“ಪಟ್ಟಿ ಬಿಚ್ಚಿದ ಮ್ಯಾಲೂ ಹಿಂಗ ಬರದ ಹೇಳತೀಯೇನೋ?”

“ಹೇಳತೀನಿ.”

“ದಿನಾ?”

“ದಿನಾ ಹೇಳತೀನಕ್ಕ.”

ಅಷ್ಟು ಹೇಳಿ ಹೊರಗೆ ಓಡಿಹೋಗಿ ಬೆಂಚುಗಳ ಸಂದಿಯಲ್ಲಿ ಕುಳಿತು ಅತ್ತೆ. ಅಂಥ ಅಳು ಮುಂದೆ ನನಗೆ ಎಂದೂ ಬರಲಿಲ್ಲ. ನಾನು ದೊಡ್ಡವನಾಗಿ, ಮುದುಕನಾಗಿ, ಅವಳ ಅಂಗೈ ಮೇಲೆ ಬರೆಯುತ್ತಲೇ ಇರುವುದು ಕಣ್ಣಿಗೆ ಕಟ್ಟಿತ್ತು.

ಮರುದಿನ ಬೆಳಿಗ್ಗೆ ಡಾಕ್ಟರು ಪಟ್ಟಿ ಬಿಚ್ಚಿದರು. ಆಯಿ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಎಡಗಣ್ಣು ಬೆಳ್ಳಗೆ ಪೊರೆ ಕಟ್ಟಿದಂತಿತ್ತು. ಬಲಗಣ್ಣಿನ ರೆಪ್ಪೆ ಅಂಟಿಕೊಂಡಿತ್ತು. ನರ್ಸಮ್ಮ ಒದ್ದೆ ಹತ್ತಿಯಿಂದ ಒರೆಸಿದಳು. ರೆಪ್ಪೆ ಮೆಲ್ಲಗೆ ಬಿಚ್ಚಿತು. ಅಪ್ಪ ಬೆರಳುಗಳನ್ನು ಅವಳ ಮುಂದೆ ಹಿಡಿದ. ಅಕ್ಕ ಅವನ ಬೆರಳು ನೋಡಲಿಲ್ಲ. ಕೈ ಚಾಚಿ ನನ್ನ ಪುಸ್ತಕ ಕಿತ್ತುಕೊಂಡು ಮೂಗಿನ ಹತ್ತಿರ ಹಿಡಿದಳು.

“ಹುಚ್ಚಾ,” ಎಂದಳು ನನಗೆ. “ಆನಿ ಎಲ್ಲಿ ನಗಾಕತ್ತದ? ಬುತ್ತ್ಯಾಗಿನ ಮೆಣಸಿನಕಾಯಿ ತಿಂದು ಅಳಾಕತ್ತದಲ್ಲೋ!”

ಅಪ್ಪ ಗೊಳೋ ಎಂದು ಅತ್ತ. ಡಾಕ್ಟರಿಗೆ ನಾವೆಲ್ಲ ಅಳುವುದು ಕಂಡು ಅಚ್ಚರಿಯಾಯಿತು. ಒಂದು ಕಣ್ಣು ಆಡಿದರೆ ಇನ್ನೊಂದೂ ಆಡುತ್ತದೆ, ಗಾಯದ ಕಣ್ಣು ಅಲುಗದಿರಲಿ ಎಂದು ಎರಡನ್ನೂ ಕಟ್ಟುವುದೇ ಪದ್ಧತಿ, ಬಲಗಣ್ಣಿಗೆ ಏನೂ ಆಗಿಯೇ ಇರಲಿಲ್ಲ ಎಂದರು. ಅದನ್ನು ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಎಳೆಯ ಹುಡುಗಿಯೊಬ್ಬಳು ಅಷ್ಟು ದಿನ ಕತ್ತಲಲ್ಲಿ ಸತ್ತು ಬದುಕಿದ್ದಳು. ಮಕ್ಕಳೇ, ಆ ಸಿಟ್ಟು ನನಗೆ ಈಗಲೂ ಇಳಿದಿಲ್ಲ.

ನಿಮ್ಮ ಕಾಲವೇ ಬೇರೆ. ಕಣ್ಣಿಗೆ ಕಸ ಬಿದ್ದರೆ ನಿಮ್ಮವ್ವ ಡಾಕ್ಟರಿಗೆ ಫೋನು ಮಾಡುತ್ತಾಳೆ, ಯಾರೂ ಸೊಪ್ಪು ಹಿಂಡುವುದಿಲ್ಲ. ಝೋಪ್ಯಾ ಇನ್ನೂ ಎದ್ದಿಲ್ಲ, ನಿಮ್ಮ ಮೊಬೈಲಿನಲ್ಲಿ ಕನ್ನಡದಲ್ಲೇ ಗೊರಕೆ ಹೊಡೆಯುತ್ತಾನೆ. ಹೋದ ತಿಂಗಳು ನನ್ನ ಕಣ್ಣಿನ ಪೊರೆ ತೆಗೆದಾಗ, ಡಾಕ್ಟರು ಮೊದಲೇ ಪರದೆಯ ಮೇಲೆ ನನ್ನ ಕಣ್ಣನ್ನೇ ತೋರಿಸಿ ಎಲ್ಲ ವಿವರಿಸಿದ್ದರು. ಮಧ್ಯಾಹ್ನಕ್ಕೆ ಮನೆಯಲ್ಲಿದ್ದೆ.

ಆ ಸಂಜೆ ಅಕ್ಕ ತನ್ನೂರು ಮಂಠಾಳದಿಂದ ಬಸ್ಸು ಹಿಡಿದು ಬಂದದ್ದು ನಿಮಗೆ ನೆನಪಿದೆಯಲ್ಲ? ಚಪ್ಪಲಿ ಬಿಟ್ಟವಳೇ ನೇರ ನನ್ನ ಹಾಸಿಗೆಗೆ ಬಂದು ಕಿವಿಯಲ್ಲಿ ಹೇಳಿದಳು, “ಹೆದರಬ್ಯಾಡೋ. ಇನ್ನೊಂದು ಕಣ್ಣು ನೆಟ್ಟಗದ. ನಾ ನೋಡಾಕತ್ತೀನಿ.”

“ಮುತ್ಯಾಗ ಅದೆಲ್ಲಾ ಗೊತ್ತದರಿ!” ಎಂದು ಮೊಮ್ಮಕ್ಕಳೆಲ್ಲ ನಕ್ಕಿರಿ. ಗೊತ್ತಿತ್ತು, ನಿಜ. ಆದರೂ ನಾನು ಅವಳ ಕೈ ಬಿಡಲಿಲ್ಲ.