ಸೇತುವೆ ನೋಡಲು ಹೊರಟ ಮುನೆವೆರಾ

ಕೊನ್ಯಿತ್ಸ್ ಊರಿನಲ್ಲಿ ಬಟ್ಟೆ ಹೊಲಿಯುವ ಮುನೆವೆರಾ ನಲವತ್ತು ವರ್ಷಗಳಿಂದ ಮೊಸ್ತಾರ್‌ಗೆ ಹೋಗಿಬರುತ್ತಿದ್ದಾಳೆ. ಆದರೆ ದೇಶದೇಶದ ಜನ ಬಂದು ನೋಡುವ ಅಲ್ಲಿನ ಹಳೇ ಸೇತುವೆಯ ಮೇಲೆ ಒಮ್ಮೆಯೂ ಕಾಲಿಟ್ಟಿಲ್ಲ. ಆ ಊರಲ್ಲಿ ಅವಳಿಗೊಬ್ಬ ಅಕ್ಕ, ನಾಲ್ವರು ನಾದಿನಿಯರು. ಒಬ್ಬರ ಮನೆಯಲ್ಲಿ ಕಾಫಿ ಕುಡಿದು ಇನ್ನೊಬ್ಬರ ಮನೆ ಬಿಟ್ಟರೆ ಮುಂದಿನ ಹಬ್ಬದವರೆಗೂ ಮುಖ ಊದಿಸಿಕೊಂಡಿರುತ್ತಾರೆ. ಐದು ಮನೆ ಮುಗಿಸುವಷ್ಟರಲ್ಲಿ ವಾಪಸ್ ಬಸ್ಸಿನ ಹೊತ್ತಾಗಿರುತ್ತದೆ!

ಈ ಸಲ ಅವಳು ಮನಸ್ಸು ಗಟ್ಟಿ ಮಾಡಿದಳು. ಯಾರಿಗೂ ಸುಳಿವು ಕೊಡಬಾರದು. ಬೆಳಗಿನ ಬಸ್ಸಿಗೆ ಹೋಗಿ, ಸೇತುವೆ ನೋಡಿ, ಮಧ್ಯಾಹ್ನದ ಬಸ್ಸಿಗೆ ಹಿಂತಿರುಗಬೇಕು.

"ಕಳ್ಳತನಕ್ಕೆ ಹೊರಟವಳ ಹಾಗೆ ಆಡ್ತೀಯಲ್ಲೇ!" ಎಂದು ಗಂಡ ನಕ್ಕರೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಸೇತುವೆಯ ಬುಡಕ್ಕೆ ಬಂದು ಇನ್ನೇನು ಮೊದಲ ಕಲ್ಲಿನ ಮೇಲೆ ಕಾಲಿಡಬೇಕು, ಎದುರಿಗೆ ತರಕಾರಿ ಚೀಲ ಹಿಡಿದ ಅಕ್ಕ ರಸೇಮಾ!

"ಏನೇ, ಅಕ್ಕನ ಮನೆ ದಾರಿ ಮರೆತೋಯ್ತಾ?"

"ಇಲ್ಲ ಕಣಕ್ಕ, ಈ ಸಲ ಬರೀ ಸೇತುವೆ ನೋಡೋಕೆ ಬಂದೆ. ಯಾರ ಮನೆಗೂ ಹೋಗಲ್ಲ."

ರಸೇಮಾ ತಂಗಿಯ ಚೀಲಕ್ಕೆ ಕೈಹಾಕಿದಳು. ಮೊಸ್ತಾರ್‌ಗೆ ಬರಿಗೈಯಲ್ಲಿ ಹೋಗಿ ಅಭ್ಯಾಸವಿಲ್ಲದ ಮುನೆವೆರಾ ಬೆಳಿಗ್ಗೆ ತನಗೇ ಗೊತ್ತಿಲ್ಲದಂತೆ ತುಂಬಿಕೊಂಡಿದ್ದ ಐದು ಪೊಟ್ಟಣ ಕಾಫಿಪುಡಿ ಹೊರಬಂದವು.

"ಹಾಗಾದ್ರೆ ಇದನ್ನೆಲ್ಲ ಸೇತುವೆಗೆ ಕುಡಿಸೋಕೆ ತಂದ್ಯೇನೇ?"