ತುಟಿಯೊಳಗಿನ ಸೀಸ

ಮಾಸ್ತರರ ಕೆಳತುಟಿಯ ಎಡಭಾಗ ಸದಾ ತುಸು ಉಬ್ಬಿರುತ್ತಿತ್ತು. ಸೋಲಾಪುರದಲ್ಲಿ ಅಂಥ ತುಟಿಯನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ತಂಬಾಕು ಅಂದುಕೊಂಡು ಮುಂದೆ ಹೋಗುತ್ತಾರೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಅಲ್ಲಿ ಇದ್ದದ್ದು ಸೀಸ. ಏರ್ ರೈಫಲಿಗೆ ಹಾಕುವ, ಜೋಳದ ಕಾಳಿನಷ್ಟಿರುವ ಗುಂಡುಗಳು. ನಾವು ಅವಕ್ಕೆ ಛರ್ರಾ ಅನ್ನುತ್ತೇವೆ.

ಗುರಿ ಹಿಡಿದು ನಿಂತವನು ಮತ್ತೆ ಮತ್ತೆ ಡಬ್ಬಿಯ ಕಡೆ ತಿರುಗಿದರೆ ನಿಂತ ಭಂಗಿ ಕೆಡುತ್ತದೆ ಎಂಬುದು ಅವರ ವಾದ. ಹಾಗಾಗಿ ಒಂದಷ್ಟು ಛರ್ರಾ ತುಟಿಯೊಳಗೆ ಇಟ್ಟುಕೊಂಡು, ನಾಲಿಗೆಯಿಂದ ಒಂದೊಂದನ್ನೇ ಮುಂದೆ ತಳ್ಳಿ, ಬೆರಳಿಗೆ ತೆಗೆದುಕೊಂಡು ನಳಿಗೆಗೆ ಹಾಕುತ್ತಿದ್ದರು. ಛರ್ರಾದ ಹಿಂಭಾಗ ಲಂಗದ ಹಾಗೆ ಅಗಲವಾಗಿ ತೆಳ್ಳಗಿರುತ್ತದೆ. ಅದಕ್ಕೆ ಮಾಸ್ತರರು ಪರಕಾರ ಅನ್ನುತ್ತಿದ್ದರು. ಪರಕಾರ ಎಲ್ಲಿಯಾದರೂ ಮಡಚಿಕೊಂಡಿದ್ದರೆ ಗುಂಡು ಅಡ್ಡ ಹೋಗುತ್ತದೆ. ಅಂಥದ್ದು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಿಳಿಯುತ್ತದೆ ಅನ್ನುತ್ತಿದ್ದರು. ಕೆಟ್ಟದ್ದು ಸಿಕ್ಕರೆ ಶೇಂಗಾದ ಸಿಪ್ಪೆ ಉಗುಳಿದ ಹಾಗೆ ಮೂಲೆಗೆ ಉಗುಳುತ್ತಿದ್ದರು.

ಅವರು ನಕ್ಕಾಗ, ನಗುತ್ತಿದ್ದದ್ದೇ ಅಪರೂಪ, ವಸಡಿನ ಅಂಚಿನಲ್ಲಿ ಒಂದು ನೀಲಿ ಗೆರೆ ಕಾಣುತ್ತಿತ್ತು. ಶಾಯಿ ಪೆನ್ನಿನಿಂದ ಎಳೆದ ಹಾಗೆ. ಅದನ್ನು ನಾನು ಸಾಲಿಗೆ ಹೋಗುತ್ತಿದ್ದ ದಿನಗಳಿಂದ ನೋಡಿದ್ದೇನೆ ಎಂದು ಬರೆಯಬೇಕೆನಿಸುತ್ತದೆ. ಬಹುಶಃ ನೋಡಿರಲಿಲ್ಲ. ಅದರ ಅರ್ಥ ತಿಳಿದ ಮೇಲೆ ನನ್ನ ನೆನಪು ಹಳೆಯ ಎಲ್ಲ ಚಿತ್ರಗಳಲ್ಲೂ ಆ ಗೆರೆಯನ್ನು ಎಳೆದು ಮುಗಿಸಿರಬೇಕು.

ಮಾಸ್ತರರು ನಮಗೆ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದ ರೇಂಜು ಸೋಲಾಪುರದಲ್ಲಿ, ಬಂದಾದ ಗಿರಣಿಯೊಂದರ ಗೋದಾಮಿನಲ್ಲಿತ್ತು. ಗೋದಾಮು ಚಾದರ ವ್ಯಾಪಾರಿಯೊಬ್ಬರದ್ದು. ಅವರ ಮಗ ನನ್ನ ಜೊತೆ ಕಲಿಯುತ್ತಿದ್ದ. ಕಿಟಕಿಗಳು ಮೇಲೆ, ತಗಡಿನ ಸೂರಿಗೆ ಅಂಟಿಕೊಂಡ ಹಾಗೆ ಇದ್ದವು, ಗಾಳಿ ಆಡುತ್ತಿರಲಿಲ್ಲ. ಮಾಸ್ತರರು ಅಕ್ಕಲಕೋಟದಿಂದ ಬೆಳಗಿನ ಎಸ್ಟಿ ಬಸ್ಸಿಗೆ ಬರುತ್ತಿದ್ದರು. ಬಂದವರೇ ಗುರಿಹಲಗೆಯ ಕೆಳಗೆ ಬಿದ್ದ ಚಪ್ಪಟೆ ಛರ್ರಾಗಳನ್ನು ಕಸಬರಿಗೆಯಿಂದ ಗುಡಿಸುತ್ತಿದ್ದರು. ಬಿಸಿಲಿನ ಕೋಲಿನಲ್ಲಿ ಬೂದು ಬಣ್ಣದ ಧೂಳು ಏಳುತ್ತಿತ್ತು. ಅದು ನಮಗೆ ಚೆಂದ ಕಾಣುತ್ತಿತ್ತು.

ಸಂಜೆ ಮರಳುವ ಬಸ್ಸಿನಲ್ಲಿ ಅಕ್ಕಲಕೋಟದ ಸ್ವಾಮಿಗಳ ಸಮಾಧಿಯ ದರ್ಶನಕ್ಕೆ ಹೋಗುವ ಭಕ್ತರು ತುಂಬಿರುತ್ತಿದ್ದರು. ಬಾಯಲ್ಲಿ ಛರ್ರಾ ಇದ್ದ ಮಾಸ್ತರರು ಯಾರ ಮಾತಿಗೂ ಉತ್ತರ ಕೊಡುತ್ತಿರಲಿಲ್ಲ. ಮೌನವ್ರತ ಎಂದು ತಿಳಿದು ಒಬ್ಬ ಹೆಂಗಸು ಅವರ ಕಾಲಿಗೆ ಬಿದ್ದಳಂತೆ. ಇದನ್ನು ಹೇಳಿದವನು ವ್ಯಾಪಾರಿಯ ಮಗ. ಅವನು ಆ ಬಸ್ಸಿನಲ್ಲಿ ಇದ್ದನೋ ಇಲ್ಲವೋ ನನಗೆ ತಿಳಿಯದು. ಮಾಸ್ತರರ ಮುಂದೆ ಹೇಳಿದಾಗ ಅವರು ಎಂದಿನಂತೆ ಕೇಳಿದ್ದು ಒಂದೇ: "ಯಾರು ನೋಡ್ಯಾರ?"

ಅದು ಅವರ ಮಾತು. ಹಾಲಿನವನು ನೀರು ಹಾಕಿಲ್ಲ ಎಂದರೂ ಅದೇ, ದೇಶಕ್ಕೆ ಪದಕ ಬಂತು ಎಂದರೂ ಅದೇ. ಅಕ್ಕಲಕೋಟದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಸತ್ತವರು ಸಹಿ ಮಾಡಿದ್ದನ್ನು, ಬದುಕಿದ್ದವರು ತಮ್ಮ ಸಹಿ ಅಲ್ಲ ಅಂದದ್ದನ್ನು ನೋಡಿದವರು. ಅಂಗಡಿಯಿಂದ ಹೊಸ ಛರ್ರಾ ಡಬ್ಬಿ ಬಂದರೆ ಮುಚ್ಚಳ ಮೂಸುತ್ತಿದ್ದರು. ನಾನು ಗುರಿಕಾಗದದ ನಟ್ಟನಡುವೆ, ಹತ್ತು ಅಂಕದ ವಲಯಕ್ಕೆ ಹೊಡೆದರೆ ಮೊದಲು ಕಾಗದವನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದರು, ಮೊದಲೇ ತೂತಿತ್ತೇನೋ ಎಂದು. ಹೊಗಳಿಕೆ ಅವರಿಂದ ಸಿಗುತ್ತಿದ್ದದ್ದು ಅನುಮಾನ ತೀರಿದ ಮೇಲೆ, ಅದೂ ಒಂದು ಗೋಣಿನ ಅಲುಗಾಟದಲ್ಲಿ. ಆ ಅಲುಗಾಟಕ್ಕಾಗಿ ನಾನು ಕಚೇರಿಯ ಕೆಲಸ ಹಿಡಿದ ಮೇಲೂ, ಲಗ್ನವಾದ ಮೇಲೂ ಗೋದಾಮಿಗೆ ಹೋಗುವುದನ್ನು ಬಿಡಲಿಲ್ಲ.

ನಾನು ಬಸುರಿಯಾದಾಗ ಡಾಕ್ಟರಬಾಯಿ ದಿನಚರಿ ಕೇಳಿದರು. ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ, ಸೀಸದ ಧೂಳು ಉಸಿರಿನಿಂದ, ಕೈಯಿಂದ, ಬಾಯಿಂದ ಒಳಗೆ ಹೋಗುತ್ತದೆ, ರಕ್ತದಿಂದ ಕೂಸಿಗೂ ತಲುಪುತ್ತದೆ ಎಂದು ವಿವರಿಸಿದರು. ತುಂಬಾ ದಿನ ಸೀಸದಲ್ಲಿ ಇದ್ದವರಿಗೆ ಹೊಟ್ಟೆ ಹಿಡಿಯುತ್ತದೆ, ಕೈ ಸೋಲುತ್ತದೆ, ಕೆಲವರಿಗೆ ವಸಡಿನ ಮೇಲೆ ನೀಲಿ ಗೆರೆ ಮೂಡುತ್ತದೆ ಎಂದರು. ನಾನು ಕೂಸನ್ನು ಮರೆತು ಮಾಸ್ತರರನ್ನು ನೆನೆದೆ. ಅಂಗಿಯ ಗುಂಡಿ ಹಾಕಲು ಅವರ ಬೆರಳು ತಡಕಾಡುತ್ತಿದ್ದವು. ಕೈ ನಡುಗಿದರೆ ತಪ್ಪನ್ನು ಅಕ್ಕಲಕೋಟ ರಸ್ತೆಯ ತಗ್ಗುಗಳ ಮೇಲೆ ಹಾಕುತ್ತಿದ್ದರು.

ಪುಣೆಯಿಂದ ಸೀಸವಿಲ್ಲದ, ತವರದ ಛರ್ರಾ ತರಿಸಿದೆ. ಮಾಸ್ತರರು ಡಬ್ಬಿ ಮೂಸಿದರು.

"ಆ ಡಾಕ್ಟರಬಾಯಿ ಮನ್ಯಾಗ ಯಾರರೆ ಇದನ್ನ ಮಾರ್ತಾರೇನು, ಅದನ್ನ ಮದಲ ನೋಡು ತಂಗಿ" ಅಂದರು. "ಕಲಾಯಿ ಹಂಡೇಕ ಹಚ್ಚೂದು. ಬಂದೂಕಿಗಲ್ಲ."

ಹಾಗಿದ್ದರೆ ಪರೀಕ್ಷೆ ಆಗಲಿ ಎಂದೆ. ರೈಫಲನ್ನು ಕಟ್ಟಿಗೆಯ ಚೌಕಟ್ಟಿಗೆ ಬಿಗಿದು ಮೊದಲು ಸೀಸ ಹೊಡೆದರು: ಎಲ್ಲ ಗುಂಡೂ ಒಂದೇ ತೂತಿನಲ್ಲಿ. ಆಮೇಲೆ ತವರ. ಅದು ಹಗುರ, ಮೇಲಕ್ಕೆ ಹೋಯಿತು, ಜೊತೆಗೆ ಚದುರಿತು. ಮಾಸ್ತರರು ನೀಲಿ ಗೆರೆ ಕಾಣುವಷ್ಟು ನಕ್ಕರು. ಅವರು ಬೇಕೆಂದೇ ಪರಕಾರ ಮಡಿಸಿದ ಛರ್ರಾ ಆರಿಸಿದ್ದಾರೆ ಎಂದು ನನಗೆ ಅನುಮಾನ. ನಾನು ಮುಂದಿನ ಸುತ್ತಿಗೆಂದು ಒಳ್ಳೆಯ ತವರವನ್ನು ಮೊದಲೇ ಬದಿಗೆ ತೆಗೆದಿಟ್ಟಿದ್ದೇನೆ ಎಂದು ಅವರಿಗೆ ಅನುಮಾನ. ಇಬ್ಬರೂ ಡಬ್ಬಿಯನ್ನು ನಡುವೆ ಇಟ್ಟುಕೊಂಡು ಒಬ್ಬರನ್ನೊಬ್ಬರು ಕಾಯುತ್ತ ಕುಳಿತೆವು. ಮತ್ತೆ ಹೊಡೆದಾಗ ತವರ ಸುಧಾರಿಸಿತು, ಸೀಸದಷ್ಟಲ್ಲ. ಅದನ್ನು ಬಚ್ಚಿಟ್ಟರೆ ಮಾಸ್ತರರಿಗೆ ದ್ರೋಹ ಮಾಡಿದ ಹಾಗೆ.

ಆಗ ಅವರು ಒಂದು ಆಟ ಹೂಡಿದರು. ಕಣ್ಣು ಮುಚ್ಚಿ ಅಂಗೈ ಚಾಚಿದರು. ವ್ಯಾಪಾರಿಯ ಮಗ ಒಮ್ಮೆ ಸೀಸ, ಒಮ್ಮೆ ತವರ, ಮನಸ್ಸಿಗೆ ಬಂದ ಹಾಗೆ ಇಡುತ್ತ ಹೋದ. ಅವರು ತುಟಿಯೊಳಗೆ ಇಟ್ಟು ಹೇಳುತ್ತ ಹೋದರು: ಸೀಸ, ಸೀಸ, ಕಲಾಯಿ, ಸೀಸ. ಸೀಸ ಸ್ವಲ್ಪ ಸಿಹಿ ಇರುತ್ತದಂತೆ. ಕಲಾಯಿ ಸಪ್ಪೆ. ನನಗೆ ನೆನಪಿರುವಂತೆ ಒಂದೂ ತಪ್ಪಲಿಲ್ಲ. ವ್ಯಾಪಾರಿಯ ಮಗನನ್ನು ಈಚೆಗೆ ಕೇಳಿದೆ. ಕೊನೆಯದು ತಪ್ಪಿತ್ತು, ತವರಕ್ಕೆ ಸೀಸ ಅಂದಿದ್ದರು ಅನ್ನುತ್ತಾನೆ. ಇಟ್ಟವನು ಅವನು, ಅವನಿಗೇ ಹೆಚ್ಚು ಗೊತ್ತಿರಬೇಕು. ಆದರೆ ಅವನು ಆ ಬಸ್ಸಿನ ಕತೆಯನ್ನೂ ಹೇಳಿದವನು.

ಕೂಸಿನ ಸಲುವಾಗಿ ನಾನು ಗೋದಾಮು ಬಿಟ್ಟೆ. ಒಂದು ಭಾನುವಾರ ಅಕ್ಕಲಕೋಟದ ಅವರ ಮನೆಗೆ ಹೋಗಿ, ಮಾಸ್ತರರ ಹೆಂಡತಿಯ ಎದುರಿಗೇ ವಸಡಿನ ಮಾತು ತೆಗೆದೆ. ಅವರನ್ನು ನಾವೆಲ್ಲ ಕಾಕು ಅನ್ನುತ್ತಿದ್ದೆವು. ಮಾಸ್ತರರು ಆ ಗೆರೆ ಹುಟ್ಟಿನಿಂದಲೇ ಇದೆ ಎಂದುಬಿಟ್ಟರು.

"ಲಗ್ನದಾಗ ಇರಲಿಲ್ಲ" ಅಂದರು ಕಾಕು, ಜೋಳದ ಭಾಕರಿ ಬಡಿಯುತ್ತಲೇ.

"ಯಾರು ನೋಡ್ಯಾರ?"

"ನಾ ನೋಡೀನಿ. ಮತ್ಯಾರು ನೋಡಬೇಕಿತ್ತು?"

ಮಾಸ್ತರರು ಎದ್ದು ಅಂಗಳಕ್ಕೆ ಹೋದರು. ಕಾಕು ನನ್ನ ತಾಟಿಗೆ ಇನ್ನೊಂದು ಭಾಕರಿ ಹಾಕಿ, ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡು ಕೂಡುತ್ತಾರೆ, ಕೇಳಿದರೆ ವಾಯು ಅಂತ ಹೇಳುತ್ತಾರೆ ಎಂದು ಮೆಲ್ಲಗೆ ಹೇಳಿದರು.

ಕೆಲವು ವಾರಗಳ ಮೇಲೆ ಮಾಸ್ತರರೇ ನಮ್ಮ ಮನೆಗೆ ಬಂದರು. ಕುರ್ಚಿಯ ಅಂಚಿನಲ್ಲಿ ಕುಳಿತರು. ರಕ್ತ ಕೊಟ್ಟಿದ್ದರಂತೆ, ಅದೂ ಅವರ ರೀತಿಯಲ್ಲಿ. ಸೋಲಾಪುರದ ಲ್ಯಾಬಿನಲ್ಲಿ ತಮ್ಮ ಹೆಸರಿನಿಂದ, ಅಕ್ಕಲಕೋಟದ ಇನ್ನೊಂದರಲ್ಲಿ ಭಾವನ ಹೆಸರಿನಿಂದ. ಬಂದೂಕಿನ ಮಾಸ್ತರನೆಂದು ತಿಳಿದರೆ ಬೇಕೆಂದೇ ಸೀಸ ಹೆಚ್ಚು ತೋರಿಸುತ್ತಾರೆ ಎಂಬ ಅನುಮಾನ. ಭಾವ ಹೂವು ಮಾರುವವರು, ಸೀಸ ಮುಟ್ಟಿದವರಲ್ಲ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಅಂಕಿ ಬಂದಿತ್ತು. ಡಾಕ್ಟರು ಅದನ್ನು ನೋಡಿ ಬಾಗಿಲು ಮುಚ್ಚಿ ಮಾತಾಡಿದ್ದರಂತೆ.

"ಮೋಸ ಹುಡುಕಿದೆ ತಂಗಿ" ಅಂದರು ಮಾಸ್ತರರು. "ಸಿಗಲಿಲ್ಲ."

ಚಹಾ ಮುಟ್ಟದೆ ಎದ್ದು ಹೋದರು. ಮರುದಿನ ಗೋದಾಮಿನ ಸೀಸದ ಡಬ್ಬಿಗಳೆಲ್ಲ ಕಪಾಟಿನೊಳಗೆ ಹೋಗಿ ಬೀಗ ಬಿತ್ತು. ಕಸಬರಿಗೆ ಹೊರಗೆ ಹೋಯಿತು. ನೆಲಕ್ಕೆ ಒದ್ದೆ ಬಟ್ಟೆ ಬಂತು. ವ್ಯಾಪಾರಿಯ ಹತ್ತಿರ ಜಗಳ ಮಾಡಿ ಗೋಡೆಗೆ ಗಾಳಿ ಎಳೆಯುವ ದೊಡ್ಡ ಫ್ಯಾನು ಹಾಕಿಸಿದರು. ಕೈ ತೊಳೆದು ಬಾಯಿ ಮುಕ್ಕಳಿಸದೆ ಯಾರೂ ಚಹಾ ಕುಡಿಯುವ ಹಾಗಿರಲಿಲ್ಲ. ತೊಳೆದೆವು ಎಂದರೆ ನಂಬುತ್ತಿರಲಿಲ್ಲ, ಉಗುರು ನೋಡುತ್ತಿದ್ದರು. ತವರಕ್ಕೆ ತಕ್ಕ ಹಾಗೆ ಎಲ್ಲ ರೈಫಲುಗಳ ಗುರಿಯನ್ನು ಮತ್ತೆ ಹೊಂದಿಸಿದರು. ಗುಂಡು ಚದುರುವುದು ಪೂರ್ತಿ ನಿಲ್ಲಲಿಲ್ಲ. ಪಂದ್ಯಗಳಲ್ಲಿ ನಮ್ಮವರು ಕೆಲವು ಅಂಕ ಕಳಕೊಂಡರು. ಯಾರಾದರೂ ಗೊಣಗಿದರೆ ಮಾಸ್ತರರು ಬಾಯಿ ತೆರೆದು ವಸಡು ತೋರಿಸುತ್ತಿದ್ದರು.

ಆದರೆ ಅವರ ಕೆಳತುಟಿ ಉಬ್ಬಿಯೇ ಇತ್ತು.

ಅಂಗಿಯ ಜೇಬಿನಲ್ಲಿ ಸುಣ್ಣದ ಹಳೆಯ ಡಬ್ಬಿಯೊಂದಿತ್ತು. ಅದರಲ್ಲಿ ತಮ್ಮ ಪಾಲಿನ ಸೀಸ ಇಟ್ಟುಕೊಂಡಿದ್ದರು. ಹೊಡೆಯಲಿಕ್ಕಲ್ಲ; ಕೈ ಸೋತಿತ್ತು, ರೈಫಲ್ ಎತ್ತುವುದನ್ನು ಬಿಟ್ಟಿದ್ದರು. ಸುಮ್ಮನೆ ತುಟಿಯೊಳಗೆ, ಅಭ್ಯಾಸಕ್ಕೆ. ನಾನು ಸಿಟ್ಟು ಮಾಡಿದೆ. ಮಗಳನ್ನು ಎತ್ತಿಕೊಂಡು ಹೋಗಿ ಅವಳ ಎದುರಿಗೆ ಕೇಳಿದೆ, ನಮಗೆಲ್ಲ ಬಿಡಿಸಿ ನೀವೇಕೆ ಬಿಡುವುದಿಲ್ಲ ಎಂದು.

"ನನ್ನೊಳಗ ಹೋಗೂದು ಹೋಗ್ಯದ" ಅಂದರು. "ಇನ್ನ ಬಾಯಿ ಖಾಲಿ ಇಟ್ಕೊಂಡು ಏನು ಮಾಡ್ಲಿ? ಮಾತಾಡ್ಲೇನು?"

ಡಾಕ್ಟರು ಬಿಡಲೇಬೇಕು ಅಂದಿದ್ದರು. ಮಾಸ್ತರರು ಹೂಂ ಎಂದು ತಲೆ ಅಲ್ಲಾಡಿಸಿ ಬಂದಿದ್ದರು. ಆಮೇಲಿನ ದಿನಗಳು ಒಂದು ಬಗೆಯ ಪಹರೆಯ ದಿನಗಳು. ನಾನು ಅವರ ತುಟಿ ನೋಡುತ್ತಿದ್ದೆ, ಅವರು ನಾನು ನೋಡುವುದನ್ನು ನೋಡುತ್ತಿದ್ದರು. ಮುಂದೆ ಅವರು ಸೋಲಾಪುರಕ್ಕೆ ಬರುವುದೇ ನಿಂತಿತು. ಗೋದಾಮಿನ ಕೀಲಿ ನನ್ನ ಕೈಗೆ ಬಂತು. ಅದನ್ನು ಕೊಡುವಾಗಲೂ, ಇದರ ನಕಲು ಮಾಡಿಸಿಲ್ಲ ತಾನೆ ಎಂದು ಕೇಳಿದ್ದರು.

ಅಕ್ಕಲಕೋಟಕ್ಕೆ ಹೋದಾಗಲೆಲ್ಲ ಅವರು ಹಾಸಿಗೆಯಲ್ಲಿ ಒರಗಿ ಕುಳಿತಿರುತ್ತಿದ್ದರು, ದಿಂಬಿನ ಪಕ್ಕದಲ್ಲಿ ಆ ಡಬ್ಬಿ. ಎಳನೀರು ಕೊಟ್ಟರೆ, ಕೆತ್ತಿದ್ದು ಯಾರು ಎಂದು ವಿಚಾರಿಸುತ್ತಿದ್ದರು. ಒಮ್ಮೆ ಸಾರಿಗೆ ಉಪ್ಪಿಲ್ಲ ಎಂದು ಬಟ್ಟಲು ದೂಡಿದರು. ಕಾಕು ನನ್ನ ಬಾಯಿಗೆ ಒಂದು ಚಮಚ ಹಾಕಿದರು. ಉಪ್ಪು ಸರಿಯಾಗಿತ್ತು, ಒಂದು ಕೈ ಮುಂದೆಯೇ ಇತ್ತು. ಕಾಕು ಬಟ್ಟಲನ್ನು ಒಳಗೆ ಒಯ್ದರು. ಈ ಸಾರಿನ ಸಂಗತಿಯನ್ನು ಬಿಟ್ಟುಬಿಟ್ಟಿದ್ದರೆ ಈ ಬರಹ ಇನ್ನೂ ಚೊಕ್ಕವಾಗುತ್ತಿತ್ತು.

ಅವರು ಹೋದದ್ದು ಒಂದು ಬೆಳಗ್ಗೆ. ಮೂತ್ರಪಿಂಡಗಳು ಸೋತಿದ್ದವು, ಸೀಸ ಒಂದೇ ಕಾರಣವೆಂದು ಹೇಳಲಾಗದು ಎಂದು ಡಾಕ್ಟರು ಹೇಳಿದರು. ನಾನು ತಲುಪುವ ಹೊತ್ತಿಗೆ ಕಾಕು ಅವರ ಬಾಯಿಗೆ ತುಳಸಿಯೆಲೆ ಇಟ್ಟು ಗಂಗೆಯ ನೀರು ಹಾಕುತ್ತಿದ್ದರು. ಕೆಳತುಟಿ ಸರಿಸಿದಾಗ ಅಲ್ಲಿ ಒಂದು ಛರ್ರಾ ಇತ್ತು. ಕಾಕು ಅದನ್ನು ಬೆರಳಿನಿಂದ ತೆಗೆದು, ಸೆರಗಿನಿಂದ ಒರಸಿ, ನನ್ನ ಕೈಯಲ್ಲಿ ಇಟ್ಟರು.

ನನಗೆ ಸಿಟ್ಟು ಬಂತು. ಹೆಣದ ಮುಂದೆ ನಿಂತು ಸಿಟ್ಟು. ಹದಿಮೂರನೇ ದಿನ ಮುಗಿದ ಮೇಲೆ, ನೆಂಟರೆಲ್ಲ ಹೋದ ಮೇಲೆ, ಅದನ್ನು ಕ್ಯಾಲೆಂಡರಿನ ಬಿಳಿ ಬೆನ್ನಿಗೆ ಉಜ್ಜಿದೆ. ಸೀಸವಾದರೆ ಪೆನ್ಸಿಲಿನ ಹಾಗೆ ಕಪ್ಪು ಗೆರೆ ಬಿಡುತ್ತದೆ. ಇದು ಮಾಸ್ತರರೇ ಕಲಿಸಿದ್ದು. ಗೆರೆ ಮೂಡಲಿಲ್ಲ. ಒತ್ತಿ ಉಜ್ಜಿದೆ. ಕಾಗದ ಹರಿಯಿತು, ಗೆರೆ ಮೂಡಲಿಲ್ಲ. ತವರ.

ಕಾಕು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಬಂದು ಕುಳಿತು ಎಲ್ಲ ಹೇಳಿದರು. ಮಾಸ್ತರರು ಸೋಲಾಪುರಕ್ಕೆ ಹೋಗುವುದನ್ನು ಬಿಟ್ಟ ವರ್ಷವೇ, ಅವರು ಸ್ನಾನಕ್ಕೆ ಹೋದಾಗ, ಕಾಕು ಸುಣ್ಣದ ಡಬ್ಬಿಯ ಸೀಸವನ್ನೆಲ್ಲ ತೆಗೆದು ತವರ ತುಂಬಿದ್ದರಂತೆ. ಛರ್ರಾ ತಂದುಕೊಟ್ಟವನು ವ್ಯಾಪಾರಿಯ ಮಗ. ಅವನು ಈ ಗುಟ್ಟನ್ನು ನನಗೂ ಬಿಟ್ಟುಕೊಟ್ಟಿರಲಿಲ್ಲ. ಅಂದಿನಿಂದ ಕೊನೆಯವರೆಗೆ ಮಾಸ್ತರರ ತುಟಿಯೊಳಗೆ ಇದ್ದದ್ದು ಬರೀ ಕಲಾಯಿ. ಹಾಲಿನಲ್ಲಿ ನೀರು ಹುಡುಕುತ್ತಿದ್ದ ಮನುಷ್ಯ ಒಂದು ದಿನವೂ ಕೇಳಲಿಲ್ಲ.

"ನನಗ ಒಂದಽ ಹೇಳು" ಅಂದರು ಕಾಕು. "ನನ್ನ ಕೈಲೆ ಮೋಸ ಹೋದ್ರೋ, ಗೊತ್ತಿದ್ದೂ ಸುಮ್ಮನಿದ್ರೋ? ಮೋಸ ಮಾಡಿ ಕಳಸೀನಿ ಅಂದ್ರ ನನಗ ನಿದ್ದಿ ಬರೂದಿಲ್ಲ."

ಉಪ್ಪಿನ ರುಚಿಯೂ ತಿಳಿಯದ ನಾಲಿಗೆ ಅದು. ತವರ ಅದಕ್ಕೆ ಎಲ್ಲಿ ತಿಳಿಯಬೇಕು? ಅಥವಾ ಅದು ಮೊದಲಿನ ದಿನಗಳಲ್ಲೇ ತಿಳಿದು, ಮಾಸ್ತರರು ಆ ಕೈ ಯಾರದೆಂದೂ ಊಹಿಸಿ, ಬೇರೆ ಯಾರಿಗೂ ಕೊಡದ ರಿಯಾಯಿತಿಯನ್ನು ಹೆಂಡತಿಗೆ ಕೊಟ್ಟಿದ್ದರೋ. ಎರಡಕ್ಕೂ ನನ್ನ ಬಳಿ ಸಾಕ್ಷಿ ಇತ್ತು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕೊಟ್ಟೆ. ಗೋದಾಮಿನ ಆ ಆಟವನ್ನು ಹೇಳಿದೆ: ಮುಚ್ಚಿದ ಕಣ್ಣು, ಚಾಚಿದ ಅಂಗೈ, ಸೀಸ, ಸೀಸ, ಕಲಾಯಿ.

"ಅವತ್ತ ಒಂದೂ ತಪ್ಪಲಿಲ್ಲ ಕಾಕು" ಅಂದೆ.

ಅವರು ಆ ಹರಿದ ಕ್ಯಾಲೆಂಡರನ್ನು ಮಡಿಸಿ ಬದಿಗಿಟ್ಟರು. "ಹಂಗಂದ್ರ ಗೊತ್ತಿತ್ತು" ಎಂದು ಎದ್ದು, ಮುಖ ತೊಳೆದು, ಒಲೆ ಹಚ್ಚಿದರು.

ಅಂದಿನಿಂದ ನನಗೂ ಆ ದಿನ ಹಾಗೆಯೇ ನೆನಪಿದೆ, ಒಂದೂ ತಪ್ಪಿಲ್ಲದೆ. ಬೆಳಗ್ಗೆ ಗೋದಾಮಿನ ಬಾಗಿಲು ತೆಗೆದು, ಫ್ಯಾನು ಹಚ್ಚಿ, ಒದ್ದೆ ಬಟ್ಟೆಯಿಂದ ನೆಲ ಒರಸುವಾಗ ಆ ಅಂಗೈ ಕಾಣುತ್ತದೆ, ಒಂದರ ಮೇಲೊಂದು ಸರಿಯಾದ ಉತ್ತರ ಕೇಳುತ್ತದೆ. ಕೊನೆಯ ಛರ್ರಾದ ಹೊತ್ತಿಗೆ ಮಾಸ್ತರರು ಕಣ್ಣು ತೆರೆದು ನನ್ನ ಕಡೆ ತಿರುಗುತ್ತಾರೆ.

"ಯಾರು ನೋಡ್ಯಾರ?"