ಪಕ್ಕದಂಗಡಿಯ ಲಿಯೆನ್

ಸೈಗಾನ್‌ನ ನ್ಯತ್ ತಾವ್ ಬೀದಿಯಲ್ಲಿ ಹಳೇ ಕಂಪ್ಯೂಟರಿನ ಬಿಡಿಭಾಗ ಮಾರುವ ತೊವಾಗೆ ಬೆಳಗಿನ ಐಸ್ ಕಾಫಿಯೂ ನೆಮ್ಮದಿಯಾಗಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದಕ್ಕೆ ಕಾರಣ ಪಕ್ಕದಂಗಡಿಯ ಲಿಯೆನ್. ಇಬ್ಬರು ಹೆಂಗಸರೂ ಒಬ್ಬನೇ ಮುದುಕನ ಕೈಕೆಳಗೆ ಬೆಸುಗೆ ಕಲಿತವರು. ಇಬ್ಬರಿಗೂ ಮಾಲು ಬರುವುದು ಒಂದೇ ಗೋದಾಮಿನಿಂದ: ಮುಚ್ಚಿದ ಕಚೇರಿಗಳ ಹಾರ್ಡ್ ಡಿಸ್ಕು, ಪರದೆಗೆ ಚಿತ್ರ ಕಳಿಸುತ್ತಾ ಬಿಡುವಿಲ್ಲದೆ ದುಡಿದು ಬಸವಳಿದ ಗ್ರಾಫಿಕ್ಸ್ ಕಾರ್ಡು. ಅದನ್ನು ಬಿಚ್ಚಿ, ಧೂಳು ಕೊಡವಿ, ಕೆಟ್ಟದ್ದನ್ನು ಬದಲಿಸಿ, ಓಡಿಸಿ ನೋಡಿ ಮಾರುವುದು ಇಬ್ಬರದೂ ಕಸುಬು. ಆದರೂ ಗಿರಾಕಿಗಳು ತೊವಾಳನ್ನು ದಾಟಿ ಹೋಗಿ ಲಿಯೆನ್ ಮುಂದೆ ನಿಲ್ಲುತ್ತಿದ್ದರು.

"ಅಕ್ಕಾ, ಈ ಕಾರ್ಡು ಹೇಗೆ?" ಎಂದು ಒಮ್ಮೆ ಕಾಲೇಜು ಹುಡುಗಿಯೊಬ್ಬಳು ತೊವಾಳನ್ನು ಕೇಳಿದಳು.

"ಫ್ಯಾನು ಹೊಸದು ಹಾಕಿದೀನಿ. ಒಂದು ಚಿಪ್ಪು ಬದಲಾಯ್ಸಿದೀನಿ. ಇವತ್ತು ಚೆನ್ನಾಗಿದೆ, ನಾಳೆ ವಿಷಯ ನಾ ಹೇಳಕ್ಕಾಗಲ್ಲ."

ಹುಡುಗಿ ಕಾದ ಬಾಣಲೆ ಮುಟ್ಟಿದವಳಂತೆ ಅದನ್ನು ಕೆಳಗಿಟ್ಟಳು. ಅಷ್ಟರಲ್ಲೇ ಪಕ್ಕದಿಂದ ಲಿಯೆನ್‌ಳ ದನಿ ಬಂತು.

"ಬಾರಮ್ಮ ಇಲ್ಲಿ! ಅರ್ಧ ಬೆಲೇಲಿ ಹೊಸದರಷ್ಟೇ ಕೆಲಸ ಮಾಡತ್ತೆ. ಹೊಸವರ್ಷದ ಟೆಟ್ ಹಬ್ಬದೊಳಗೆ ಕೈಕೊಟ್ರೆ ತಂದು ನನ್ ಮುಖಕ್ಕೆ ಎಸಿ, ಬೇರೆ ಕೊಡ್ತೀನಿ."

ಹುಡುಗಿ ನಗುತ್ತಾ ಅತ್ತ ನಡೆದಳು. ಆ ನಗು ತೊವಾಳ ಹೊಟ್ಟೆಯಲ್ಲಿ ಕೆಂಡದಂತೆ ಕೂತಿತು. ತಾನು ನಿಜ ಹೇಳಿ ಕೆಟ್ಟೆ, ಅವಳು ಬಣ್ಣದ ಮಾತಾಡಿ ಗೆದ್ದಳು ಎಂದುಕೊಂಡಳು. ಒಳಗೆ ಏನೋ ಮೋಸ ಇದ್ದೇ ಇರಬೇಕು.

ಮೋಸ ಹಿಡಿಯಲೆಂದು ತೊವಾ ತನ್ನ ನಾದಿನಿಯನ್ನು ಕಳಿಸಿ ಲಿಯೆನ್‌ಳಿಂದ ಒಂದು ಕಾರ್ಡು ತರಿಸಿದಳು. ಭಾನುವಾರವಿಡೀ ಮನೆಯಲ್ಲಿ ಅದನ್ನು ಬೆವರಿಳಿಸಿ ಓಡಿಸಿದಳು. ಅದು ಜಪ್ಪಯ್ಯ ಅನ್ನಲಿಲ್ಲ. ಬಿಚ್ಚಿ ನೋಡಿದರೆ ಬೆಸುಗೆ ಮುತ್ತು ಪೋಣಿಸಿದ ಹಾಗಿತ್ತು. ಸವೆದದ್ದನ್ನೆಲ್ಲ ಲಿಯೆನ್ ಬದಲಿಸಿದ್ದಳು. ಬೇರೆಯವರ ಕೆಲಸವಾಗಿದ್ದರೆ ತೊವಾ ಭೇಷ್ ಅನ್ನುತ್ತಿದ್ದಳು. ಅವಳದೆಂದು ಗೊತ್ತಿದ್ದುದರಿಂದ ಅಂದಿನ ಅನ್ನ ರುಚಿಸಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ ಒಂದು ತಪ್ಪು. ಲಿಯೆನ್ ಅದನ್ನೂ ಕೊಡಲಿಲ್ಲ.

ಆ ವಾರವೇ ಕ್ವೀ ಬಂದ. ಹುಡುಗರು ಕೂತು ಆಟವಾಡುವ ಕಂಪ್ಯೂಟರ್ ಕೇಂದ್ರ ತೆರೆಯಲಿದ್ದವನು.

"ಇಡೀ ಕೇಂದ್ರಕ್ಕೆ ಕಾರ್ಡು ಬೇಕು ತಂಗಿ. ಲಿಯೆನ್ ಹತ್ರ ತಗೊಳ್ಳಣ ಅಂತಿದೀನಿ. ಅವಳ ಮಾಲು ಹೇಗೆ?"

ತೊವಾಳ ಬಾಯಿಂದ ಮಾತು ತಾನಾಗಿ ಜಾರಿತು. "ಅಯ್ಯೋ ಅಣ್ಣ, ಸುಟ್ಟ ಮಾಲು. ಮೇಲೆ ಪಾಲಿಶು, ಒಳಗೆ ಬೂದಿ. ಒಂದು ಮಳೆಗಾಲ ಬಾಳಲ್ಲ."

ಕ್ವೀ ನಂಬಿ, ಶಾಲೆಗೆ ರಜೆ ಬರುವ ಮೊದಲು ಕಾರ್ಡು ಕೊಡಬೇಕೆಂದು ತೊವಾಗೇ ಹೇಳಿ ಹೋದ. ಅಷ್ಟು ಕಾರ್ಡು ಅವಳಲ್ಲಿರಲಿಲ್ಲ. ಗೋದಾಮಿನಿಂದ ಇಡೀ ರಾಶಿ ಎತ್ತಿಸಿದಳು. ಪ್ರತಿಯೊಂದನ್ನೂ ಬಿಚ್ಚಿ ನೋಡಲು ವೇಳೆ ಸಾಲದು. ಪರದೆ ಹತ್ತಿದರೆ ಸರಿ ಎಂದು ಕಟ್ಟಿ ಕಳಿಸಿದಳು. ಜೀವಮಾನದಲ್ಲಿ ಅವಳು ಹಾಗೆ ಮಾಡಿದ್ದು ಅದೇ ಮೊದಲು. ಗಾಡಿಗೆ ಪೆಟ್ಟಿಗೆ ಏರುವುದನ್ನು ಲಿಯೆನ್ ನೋಡಲೆಂದು ಬೇಕೆಂದೇ ಜೋರಾಗಿ ಕೂಗಿ ಎಣಿಸಿದಳು.

ರಜೆ ಮುಗಿಯುವ ಮೊದಲೇ ಕ್ವೀ ಮೋಟಾರುಬೈಕಿನ ಮೇಲೆ ಗೋಣಿಚೀಲ ತಂದು ಅಂಗಡಿ ಮುಂದೆ ಸುರಿದ.

"ಪರದೆ ತುಂಬಾ ಗೆರೆ! ಹುಡುಗ್ರು ಬೈದು ಎದ್ದು ಹೋಗ್ತಿದಾರೆ. ಇದೇನಾ ನಿನ್ ಮಾಲು?"

ಬೀದಿಯ ಜನ ಸೇರಿದರು. ಲಿಯೆನ್ ಬಂದು ಒಂದು ಕಾರ್ಡೆತ್ತಿ ಬೆಳಕಿಗೆ ಹಿಡಿದಳು.

"ಕೂಗಾಡಿದ್ರೆ ಕಾರ್ಡು ರಿಪೇರಿ ಆಗತ್ತಾ ಅಣ್ಣ? ಚಿಪ್ಪು ಬೆಸುಗೆ ಬಿಟ್ಟು ಎದ್ದಿವೆ. ಬಹಳಷ್ಟು ಬದುಕ್ತವೆ."

"ನೀನ್ಯಾಕೆ ಇವಳ ಪರ ಬರ್ತೀಯ? ನಿನ್ ಮಾಲು ಬರೀ ಬೂದಿ ಅಂದೋಳು ಇವಳೇ!"

ಲಿಯೆನ್ ತೊವಾಳನ್ನು ಒಮ್ಮೆ ನೋಡಿದಳು. ತನ್ನ ಬೆಸುಗೆ ಕಡ್ಡಿ ತಂದು ತೊವಾಳ ಮೇಜಿನ ಇನ್ನೊಂದು ತುದಿಯಲ್ಲಿ ಕೂತಳು. ಇಬ್ಬರೂ ಒಂದೊಂದೇ ಕಾರ್ಡೆತ್ತಿ ಬೆಸೆದರು. ಬಹುಪಾಲು ಕಾರ್ಡುಗಳು ಬದುಕಿದವು. ಸತ್ತವುಗಳ ಬದಲಿಗೆ ತೊವಾ ತಾನು ಕೈಯಾರೆ ತಿದ್ದಿಟ್ಟ ಒಳ್ಳೆಯವನ್ನೇ ಕೊಟ್ಟಳು.

ಊಟದ ಹೊತ್ತಿಗೆ ನುಚ್ಚಕ್ಕಿ ಅನ್ನದ ತಟ್ಟೆ ಮುಂದಿಟ್ಟುಕೊಂಡು ತೊವಾ ಹೇಳಿದಳು, "ನಾ ಸುಳ್ಳು ಹೇಳ್ದೆ ಲಿಯೆನ್. ನಿನ್ ಕಾರ್ಡು ಬಿಚ್ಚಿ ನೋಡಿದೀನಿ. ಬಂಗಾರದಂಥ ಕೆಲಸ."

"ತೆಪ್ಪಗೆ ತಿನ್ನು. ನನಗೆ ಮೈಯೆಲ್ಲ ಉರೀತಿದೆ." ಲಿಯೆನ್ ತಲೆ ಎತ್ತಲಿಲ್ಲ. "ನಿನಗೋಸ್ಕರ ಬಂದೆ ಅಂದ್ಕೋಬೇಡ. ಹಳೇ ಮಾಲೆಲ್ಲ ಮೋಸ ಅಂತ ಒಂದ್ಸಲ ಜನ ಅಂದ್ರೆ ನನ್ ಅಂಗಡೀನೂ ಮುಚ್ಚತ್ತೆ. ಪರೀಕ್ಷೆ ಮಾಡ್ದೆ ಮಾರಿದ್ದಕ್ಕೆ ನಿನಗೆ ಚಪ್ಪಲೀಲಿ ಹೊಡೀಬೇಕು."

ಬೈಗುಳ ಕೇಳಿ ತೊವಾಗೆ ಉಸಿರು ಹಗುರಾಯಿತು. ಲಿಯೆನ್ ಸಮಾಧಾನ ಹೇಳಿದ್ದರೆ ತಡೆಯಲಾಗುತ್ತಿರಲಿಲ್ಲ.

ಆಮೇಲೆ ತೊವಾಳೂ, ಕಾರ್ಡು ಕೆಟ್ಟರೆ ಬದಲಿ ಕೊಡುವ ಮಾತು ಕೊಡತೊಡಗಿದಳು. ಕೆಲವರು ನಿಂತು ಮಾಲು ಕೊಂಡುಹೋದರು. ಕ್ವೀ ಮಾತ್ರ ಲಿಯೆನ್‌ಳ ಗಿರಾಕಿಯಾದ. ಅವನು ಬಂದಾಗಲೆಲ್ಲ ಪಕ್ಕದಿಂದ ಜೋರು ನಗು ಕೇಳುತ್ತದೆ. ತೊವಾ ತಲೆ ತಗ್ಗಿಸಿ ಕೈಯಲ್ಲಿರುವ ಕಾರ್ಡನ್ನು ಇನ್ನೊಂದು ಸಲ ಓಡಿಸಿ ನೋಡುತ್ತಾಳೆ. ಹೊಟ್ಟೆ ಈಗಲೂ ಉರಿಯುತ್ತದೆ.